ಅವ್ವನ ಲಿವರ್ ಅಳೆದವರಿಗೆ, ಅಳತೆಯ ಅರ್ಥ ತಿಳಿಸಿದವರಿಗೆ

ಅವ್ವನಿಗೆ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬುವ ಕಾಯಿಲೆ. ಲಿವರ್ ಎಷ್ಟು ಗಡುಸಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಪರೀಕ್ಷೆಯ ಹೊಸ ರಿಪೋರ್ಟ್ ಹೋದ ವಾರ ಬಂತು. 11.2 ಕಿಲೋಪಾಸ್ಕಲ್ ಇದ್ದ ಲಿವರ್‌ನ ಗಡಸುತನ 7.1ಕ್ಕೆ ಇಳಿದಿದೆ. ಕೊಬ್ಬು ಎಷ್ಟಿದೆಯೆಂದು ಸೂಚಿಸುವ ಸಿಎಪಿ ಅಂಕಿ 318ರಿಂದ 251ಕ್ಕೆ ಬಂದಿದೆ. ಮನೆಮಂದಿಗೆಲ್ಲ ಹಬ್ಬ. ನೆರವಾದವರಿಗೆ ನಾಲ್ಕು ಜನರೆದುರು ಕೃತಜ್ಞತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ದಾವಣಗೆರೆಯ ನಮ್ಮ ಡಾಕ್ಟರಿಗೆ. ಪಿತ್ತಕೋಶದಲ್ಲಿ ಕಲ್ಲಿರಬಹುದೆಂಬ ಅನುಮಾನಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ್ದೆವು. ಕಲ್ಲು ಸಿಗಲಿಲ್ಲ, 'ಗ್ರೇಡ್ 2 ಫ್ಯಾಟಿ ಲಿವರ್' ಎಂಬ ಸಾಲು ಸಿಕ್ಕಿತು. "ಈಗ ಎಲ್ಲಾರಿಗೂ ಇರ್ತೈತಿ ಬಿಡ್ರಿ" ಎಂದವರೇ ಹೆಚ್ಚು. ಡಾಕ್ಟರು ಬಿಡಲಿಲ್ಲ. ಪರದೆಯ ಚಿತ್ರವನ್ನೇ ತೋರಿಸಿ ಹೇಳಿದರು: ಆರೋಗ್ಯವಂತರಲ್ಲಿ ಲಿವರ್ರೂ ಬಲ ಕಿಡ್ನಿಯೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣ, ಕೊಬ್ಬು ತುಂಬಿದ ಲಿವರ್ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. "ಆದ್ರ ಗ್ರೇಡ್ ಅನ್ನೋದು ಕೊಬ್ಬಿನ ಕಣ್ಣಂದಾಜು ಅಷ್ಟೇ. ಲಿವರ್ ಒಳಗ ಗಾಯದ ಕಲೆ ಕಟ್ಟಿ ಗಡುಸಾಗೈತೋ ಇಲ್ಲೋ ಅದು ಹೇಳಂಗಿಲ್ಲ. ಶುಗರ್ ಇರೋರಿಗೆ ನಾವು ನೋಡಬೇಕಾದ್ದು ಅದನ್ನ." ಅವ್ವನ ವಯಸ್ಸು 58. ಆ ವಯಸ್ಸು, ರಕ್ತಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳ ಹಾಗೂ ಪ್ಲೇಟ್‌ಲೆಟ್‌ಗಳ ಅಂಕಿಗಳನ್ನು ಕೂಡಿಸಿ ಲಿವರ್‌ನಲ್ಲಿ ಕಲೆ ಇರುವ ಸಾಧ್ಯತೆ ಅಂದಾಜಿಸುವ ಫಿಬ್-4 ಲೆಕ್ಕ ಹಾಕಿದರು. 1.3ರೊಳಗೆ ಇದ್ದರೆ ಹೆಚ್ಚು ಚಿಂತೆಯಿಲ್ಲ. ಅವ್ವನದು 2 ದಾಟಿತ್ತು, ಅದಕ್ಕೇ ಫೈಬ್ರೋಸ್ಕ್ಯಾನ್ ಮಾಡಿಸಿದೆವು. ಹಳೆಯ ರಿಪೋರ್ಟುಗಳಿಂದಲೇ ಆದ ಈ ಲೆಕ್ಕಕ್ಕೆ ನಮಗೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಫೈಬ್ರೋಸ್ಕ್ಯಾನ್ ಮಾಡಿದ ಹುಡುಗಿಯನ್ನು ಅವ್ವ ಈಗಲೂ ನೆನೆಯುತ್ತಾಳೆ. ಮೂರು ತಾಸು ಏನೂ ತಿಂದಿರಬಾರದು ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದಳು, ಯಾಕೆಂದರೆ ಉಂಡ ಮೇಲೆ ಲಿವರ್‌ಗೆ ರಕ್ತ ಹೆಚ್ಚಾಗಿ ಹರಿದು ಅಂಕಿ ಸುಮ್ಮನೆ ಏರುತ್ತದೆ. ಬಲಗೈಯನ್ನು ತಲೆಯ ಹಿಂದಿಟ್ಟು ಮಲಗಿಸಿ, ಪಕ್ಕೆಲುಬುಗಳ ಸಂದಿಯಲ್ಲಿ ಉಪಕರಣ ಹಿಡಿದಳು. ಬೆರಳಿಂದ ಮೆಲ್ಲಗೆ ಚಿಮ್ಮಿದಷ್ಟು ಪೆಟ್ಟು, ಅಷ್ಟೆ. ಅದರಿಂದ ಎದ್ದ ಅಲೆ ಗಡುಸಾದ ಲಿವರ್‌ನಲ್ಲಿ ಬೇಗ ಸಾಗುತ್ತದೆ, ಆ ವೇಗದಿಂದಲೇ ಗಡಸುತನ ಗೊತ್ತಾಗುತ್ತದೆ. ಸರಿಯಾದ ಹತ್ತು ಅಳತೆ ಸಿಗುವವರೆಗೆ ಅವಸರ ಮಾಡದೆ, "ಅಮ್ಮಾ, ಉಸಿರು ಸಡಿಲ ಬಿಡ್ರಿ" ಎನ್ನುತ್ತಿದ್ದಳು. ತಂಗೀ, ನಿನ್ನ ಆ ತಾಳ್ಮೆ ದೊಡ್ಡದು.

ಆಗ ಬಂದದ್ದು ಆ 11.2. ಫೈಬ್ರೋಸ್ಕ್ಯಾನ್‌ನಲ್ಲಿ 8ರಿಂದ 12ರ ನಡುವಿನ ಅಂಕಿ ಎಂದರೆ ಅಡ್ಡಗೋಡೆಯ ಮೇಲೆ ಕೂತಂತೆ. ಅದಕ್ಕೇ ಬೆಂಗಳೂರಿನಲ್ಲಿ ಎಂಆರ್ ಎಲಾಸ್ಟೋಗ್ರಫಿ, ಅಂದರೆ ಎಂಆರ್‌ಐ ಯಂತ್ರದಲ್ಲಿ ಲಿವರ್‌ನ ಗಡಸುತನ ಅಳೆಯುವ ಪರೀಕ್ಷೆ, ಮಾಡಿಸಬೇಕಾಯಿತು. ಅಲ್ಲಿ ಬಂದದ್ದು 3.2 ಕಿಲೋಪಾಸ್ಕಲ್! ಅಣ್ಣ ರೋಗವೇ ಹೋಯಿತೆಂದು ಕುಣಿದಾಡಿದ. ಅಲ್ಲಿನ ರೇಡಿಯಾಲಜಿಸ್ಟ್ ಮೇಡಂ ನಮ್ಮನ್ನು ಕೂರಿಸಿಕೊಂಡು ತಿಳಿಹೇಳಿದರು. ಎರಡು ಯಂತ್ರಗಳ ಕಿಲೋಪಾಸ್ಕಲ್ ಬೇರೆ ಬೇರೆ ಬಗೆಯ ಅಳತೆ. ಎಂಆರ್‌ನ ಒಂದು ಸುಮಾರಾಗಿ ಫೈಬ್ರೋಸ್ಕ್ಯಾನ್‌ನ ಮೂರಕ್ಕೆ ಸಮ. ಹಾಗಾಗಿ ಕಲೆ ಇದೆ, ಆದರೆ ಮುಂದುವರಿದ ಹಂತ ಮುಟ್ಟಿಲ್ಲ, ಹಿಂದಕ್ಕೆ ತರಬಹುದು. ಸೂಜಿ ಚುಚ್ಚಿ ಬಯಾಪ್ಸಿ ತೆಗೆಯುವ ಅಗತ್ಯ ಈಗಿಲ್ಲ ಎಂದು ಡಾಕ್ಟರಿಗೆ ಬರೆದುಕೊಟ್ಟರು. ಸರದಿಯಲ್ಲಿ ಅಷ್ಟು ಜನ ಕಾದಿರುವಾಗ ನಮಗಾಗಿ ಆ ಹೊತ್ತು ಕೊಟ್ಟ ಮೇಡಂ, ನಿಮ್ಮ ಋಣ ದೊಡ್ಡದು.

ಲಿವರ್ ಎಂದೊಡನೆ ಕುಡಿತದ ಮಾತು ಬರುತ್ತದೆ. ಹನಿ ಮುಟ್ಟದ ಅವ್ವನಿಗೆ ಅದು ತುಂಬ ನೋವು ಕೊಟ್ಟಿತು. ಮದುವೆಮನೆಯಲ್ಲಿ ಅಂಥ ಮಾತು ಎದ್ದಾಗ, ಇದು ಶುಗರ್, ತೂಕ, ಕೊಲೆಸ್ಟ್ರಾಲ್ ಜೊತೆ ಬರುವ ಕಾಯಿಲೆ ಎಂದು ಎಲ್ಲರೆದುರು ಹೇಳಿ ಬಾಯಿ ಮುಚ್ಚಿಸಿದ ಚಿಕ್ಕಮ್ಮನಿಗೆ ಶರಣು. ಬೆಳಿಗ್ಗೆ ಅವ್ವನ ಜೊತೆ ನಡೆದವಳೂ ಅವಳೇ.

ಊಟ ಹೇಳಿಕೊಟ್ಟ ಡಯಟಿಷಿಯನ್, ಜೋಳದ ರೊಟ್ಟಿ ಬಿಡಿಸಲಿಲ್ಲ. ಅನ್ನ, ಸಕ್ಕರೆ ಚಹಾ, ಸಂಜೆಯ ಮಿರ್ಚಿ ಕಡಿಮೆ ಮಾಡಿಸಿ ಕಾಳು-ಸೊಪ್ಪು ಹೆಚ್ಚಿಸಿದರು. 72 ಕೆಜಿ ಇದ್ದ ಅವ್ವ 65ಕ್ಕೆ ಬಂದಳು. ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದರೆ ಲಿವರ್ ಚೇತರಿಸಿಕೊಳ್ಳುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಒಂದು ವರ್ಷದ ನಂತರ ಮತ್ತೆ ಅದೇ ಯಂತ್ರದಲ್ಲಿ, ಹಸಿದ ಹೊಟ್ಟೆಯಲ್ಲಿ ಅಳೆಸಬೇಕು. ಕಾಯುವ ಆ ಬೆಂಚಿನಲ್ಲಿ 'ಗ್ರೇಡ್ 2' ಚೀಟಿ ಹಿಡಿದು ಕೂತವರು ಯಾರಾದರೂ ಸಿಕ್ಕರೆ ಫಿಬ್-4 ಲೆಕ್ಕ ಕೇಳಿಕೊಳ್ಳಿ ಎಂದು ಹೇಳುತ್ತೇನೆ ಅನ್ನುತ್ತಾಳೆ ಅವ್ವ. ಎಲ್ಲಕ್ಕಿಂತ ಹೆಚ್ಚಿನ ನಮಸ್ಕಾರ ನಿನಗೇ, ಅವ್ವಾ.