ಸರ್ಟಿಫಿಕೇಟ್ ಇದ್ದವರಿಗೂ ಅನುಭವ ಇದ್ದವರಿಗೂ ಹಳೆಯ ಗಾಯ ತೋರಿಸಿ

ಮಾನ್ಯ ಸಂಪಾದಕರೇ,

ಮರಗಳ ಆರೈಕೆಯ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಸರ್ಟಿಫಿಕೇಟ್ ಬೇಕೇ ಬೇಕಾ, ಇಲ್ಲ ಕೈಗೆ ಕೆಲಸ ಹತ್ತಿದ್ದರೆ ಸಾಕಾ? ನಿಮ್ಮ ಪತ್ರಿಕೆಯಲ್ಲಿ ಓದುಗರು ಈ ಬಗ್ಗೆ ಬರೆಯುತ್ತಿರುವುದನ್ನು ನೋಡುತ್ತಿದ್ದೇನೆ. ನಾನು 22 ವರ್ಷದಿಂದ ಮರ ಹತ್ತಿ ಕೊಂಬೆ ಸವರುವ ಕೆಲಸದಲ್ಲಿದ್ದೇನೆ. ಅನುಭವವೇ ದೊಡ್ಡದು ಅನ್ನುವವರ ಜೊತೆ ನಾನೂ ನಿಲ್ಲಬೇಕಿತ್ತು. ಆದರೆ ಪೂರ್ತಿ ನಿಲ್ಲಲು ಆಗುತ್ತಿಲ್ಲ. ಮಾಡಿದ ತಪ್ಪು ಕಣ್ಣೆದುರಿಗೆ ಬಂದಾಗಲಷ್ಟೇ ಅನುಭವ ಪಾಠ ಕಲಿಸುತ್ತದೆ. ನಮ್ಮ ಕೆಲಸದಲ್ಲಿ ಎಷ್ಟೋ ತಪ್ಪುಗಳು ಹಾಗೆ ಬರುವುದೇ ಇಲ್ಲ.

ನನಗೆ ಕೆಲಸ ಕಲಿಸಿದವರು ಬಹಳ ಒಳ್ಳೆಯ ಹತ್ತುಗಾರರು. ಕೊಂಬೆಯನ್ನು ಕಾಂಡಕ್ಕೆ ಸಮವಾಗಿ, ನುಣ್ಣಗೆ ಕೊಯ್ದು ಮೇಲೆ ಬಣ್ಣ ಬಳಿಯಬೇಕು ಎಂದು ಅವರು ಹೇಳಿಕೊಟ್ಟಿದ್ದರು. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ನೋಡಲು ಅಚ್ಚುಕಟ್ಟು. ನಾನು ಏಳೆಂಟು ವರ್ಷ ಹಾಗೇ ಮಾಡಿದೆ. ಒಬ್ಬರೂ ತಕರಾರು ಮಾಡಲಿಲ್ಲ. ಯಾಕೆಂದರೆ ಮರ ಮರುದಿನ ಸಾಯುವುದಿಲ್ಲ.

ಕೊಂಬೆ ಕಾಂಡಕ್ಕೆ ಸೇರುವ ಕಡೆ ಸ್ವಲ್ಪ ಉಬ್ಬಿದ ಬಳೆಯಂಥ ಭಾಗ ಇರುತ್ತದೆ. ನಾವು ಅದನ್ನು ಕಾಲರ್ ಅನ್ನುತ್ತೇವೆ. ಗಾಯದ ಸುತ್ತ ಹೊಸ ತೊಗಟೆ ಬೆಳೆದು ಮುಚ್ಚುವುದು ಅಲ್ಲಿಂದಲೇ. ಸಮವಾಗಿ ಕೊಯ್ದರೆ ಅದೂ ಕೊಂಬೆಯ ಜೊತೆಗೇ ಹೋಗುತ್ತದೆ. ಗಾಯ ದೊಡ್ಡದಾಗುತ್ತದೆ, ನಿಧಾನವಾಗಿ ಒಳಗೆ ಲಡ್ಡು ಹಿಡಿಯುತ್ತದೆ, ಅಂದರೆ ಮರ ಕೊಳೆಯುತ್ತದೆ. ಅಷ್ಟು ಹೊತ್ತಿಗೆ ಕೊಯ್ದವನು ಅಲ್ಲಿರುವುದಿಲ್ಲ. ನಾನು ಮೊದಲ ವರ್ಷಗಳಲ್ಲಿ ಸವರಿದ್ದ ಒಂದು ಮರವನ್ನು ಬಹಳ ಕಾಲದ ನಂತರ ಹತ್ತಿದ್ದೆ. ನಾನು ಕೊಯ್ದಿದ್ದ ಜಾಗದಲ್ಲೇ ಮೊಣಕೈವರೆಗೆ ಕೈ ಹೋಗುವಷ್ಟು ಪೊಟರೆ. ಆವತ್ತಿನ ಸಂಕಟ ಇವತ್ತಿಗೂ ಮರೆತಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಇಡೀ ಕಸುಬು ಎಷ್ಟೋ ದಶಕ ಪೊಟರೆಗಳನ್ನು ಕೆರೆದು ಸಿಮೆಂಟ್ ತುಂಬಿಸುತ್ತಿತ್ತು. ಮಾಡುತ್ತಿದ್ದವರೆಲ್ಲ ಪಳಗಿದವರೇ. ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ 1959ರಲ್ಲಿ ಅಮೆರಿಕದ ಸರ್ಕಾರಿ ಅರಣ್ಯ ಸಂಸ್ಥೆಗೆ ಸೇರಿದರು. ಚೈನ್ ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಮರ ತನ್ನ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಬೇರೆ ಮಾಡುತ್ತದೆ ಎಂದು ಅವರು ತೋರಿಸಿದರು. 1977ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಅಂದರೆ ನಾವು ಪೊಟರೆ ಕೆರೆಯುವಾಗ ಮರ ಕಟ್ಟಿದ ಗೋಡೆಯನ್ನೇ ಒಡೆಯುತ್ತಿದ್ದೆವು. ಬಳಿಯುತ್ತಿದ್ದ ಬಣ್ಣವೂ ಲಡ್ಡನ್ನು ತಡೆಯುತ್ತಿರಲಿಲ್ಲ. ಇದನ್ನು ಇಪ್ಪತ್ತಲ್ಲ, ನಲವತ್ತು ವರ್ಷ ಮರ ಹತ್ತಿದರೂ ಸುಮ್ನೆ ಗೊತ್ತಾಗುವುದಿಲ್ಲ. ಯಾರಾದರೂ ಕೂರಿಸಿ ಹೇಳಿಕೊಡಬೇಕು.

ಹಾಗಂತ ಸರ್ಟಿಫಿಕೇಟ್ ಹಿಡಿದು ಬಂದವರ ಕೈಗೆ ಮೊದಲ ದಿನವೇ ಗರಗಸ ಕೊಟ್ಟು ಮೇಲೆ ಕಳಿಸಬೇಕಾ? ಖಂಡಿತ ಬೇಡ. ನಮ್ಮ ತಂಡಕ್ಕೆ ಬಂದ ಒಬ್ಬ ಹುಡುಗನಿಗೆ ಗಂಟುಗಳೆಲ್ಲ ಬಾಯಿಪಾಠ. ಓಡುವ ಚೈನ್ ಸಾ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಹಿಂದಕ್ಕೆ ಎಗರುತ್ತದೆ ಎಂಬುದೂ ಗೊತ್ತಿತ್ತು. ಒಂದು ದಿನ ಕಾಂಡದ ತುದಿಯಿಂದ ಎರಡು ಮೀಟರ್ ಉದ್ದದ ತುಂಡನ್ನು ಹಗ್ಗಕ್ಕೆ ಕಟ್ಟಿ ಕೊಯ್ದ. ಅರ್ಧ ಮೀಟರ್ ದಪ್ಪ ಇತ್ತು. ಹಸಿ ಮರ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. ಆ ಲೆಕ್ಕಕ್ಕೆ ಈ ತುಂಡು ಸುಮಾರು 400 ಕೆಜಿ. ಅದು ಸ್ವಲ್ಪ ದೂರ ಬಿದ್ದು ಆಮೇಲೆ ಹಗ್ಗಕ್ಕೆ ಸಿಕ್ಕಿಕೊಂಡಾಗ ಹಗ್ಗದ ಮೇಲೆ ಅದರ ಹಲವು ಪಟ್ಟು ಭಾರ ಬೀಳುತ್ತದೆ. ಅವನು ಕಟ್ಟಿಕೊಂಡಿದ್ದ ಕಾಂಡವೇ ಅವನ ಸಮೇತ ಅತ್ತಿಂದಿತ್ತ ತೂಗಾಡಿತು. ಕೆಳಗೆ ಹಗ್ಗ ಹಿಡಿದಿದ್ದವನು ನಾನು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಲೆಕ್ಕ ಅವನಿಗೂ ಬರುತ್ತಿತ್ತು. ಆ ಭಾರ ಕೈಗೆ ಗೊತ್ತಿರಲಿಲ್ಲ, ಅಷ್ಟೇ. ಒಂದು ವರ್ಷ ಕೆಳಗೆ ನಿಂತು ಹಗ್ಗ ಬಿಟ್ಟಿದ್ದರೆ ಅವನು ಆ ತುಂಡನ್ನು ಮೂರು ಭಾಗ ಮಾಡುತ್ತಿದ್ದ.

ಕೆಲಸ ಮಾಡುತ್ತಾ ಮಾತ್ರ ಬರುವ ತಿಳಿವಳಿಕೆ ಇನ್ನೂ ಬಹಳ ಇದೆ. ಬಡಿದಾಗ ಬರುವ ಟೊಳ್ಳು ಸದ್ದು, ಗರಗಸದಿಂದ ಹಾರುವ ಪುಡಿಯ ಬಣ್ಣ ಇದ್ದಕ್ಕಿದ್ದಂತೆ ಕಂದಾಗುವುದು, ಮುರಿಯುವ ಮೊದಲು ಕೇಳುವ ಸಣ್ಣ ಚಟಚಟ.

ಇನ್ನೊಂದು ಮಾತನ್ನು ಅನುಭವಸ್ಥರಿಗೇ ಹೇಳಬೇಕು. ಮೇಲೆ ಒಬ್ಬನಿಗೆ ಗಾಯವಾಗಿ ಹಗ್ಗದಲ್ಲಿ ನೇತಾಡುತ್ತಿದ್ದರೆ ಅವನನ್ನು ಇಳಿಸುವುದು ಹೇಗೆ? ನನ್ನ ಕಣ್ಣೆದುರಿಗೆ ಅಂಥದ್ದು ನಡೆದಿಲ್ಲ, ನಡೆಯುವುದೂ ಬೇಡ. ಹಾಗಾಗಿ 22 ವರ್ಷದ ಅನುಭವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತರಬೇತಿಯಲ್ಲಿ ಮತ್ತೆ ಮತ್ತೆ ಇಳಿಸಿ ಅಭ್ಯಾಸ ಮಾಡಿದ್ದರಷ್ಟೇ ಆ ಹೊತ್ತಿಗೆ ಕೈ ಓಡುತ್ತದೆ. "ನಮಗೆ ಕೋರ್ಸ್ ಯಾಕೆ" ಅನ್ನುವ ಹಿರಿಯರು ದಯವಿಟ್ಟು ಇದನ್ನು ಯೋಚಿಸಲಿ.

ಮರಗಳ ಆರೈಕೆಯವರ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಎ ತನ್ನ ಆರ್ಬರಿಸ್ಟ್ (ಮರ ಆರೈಕೆ ತಜ್ಞ) ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷ ಕೆಲಸ ಮಾಡಿರಬೇಕು, ಇಲ್ಲವೇ ಸಂಬಂಧಪಟ್ಟ ಓದಿನ ಜೊತೆ ಸ್ವಲ್ಪ ಕಡಿಮೆ ಅನುಭವ ಇರಬೇಕು ಅನ್ನುತ್ತದೆ. ಈ ಕ್ರಮ ನನಗೆ ಸರಿ ಅನಿಸುತ್ತದೆ. ಆದರೆ ಅದು ಬರೆಯುವ ಪರೀಕ್ಷೆ. ಹತ್ತುವವರನ್ನು ಮರದ ಮೇಲೇ ನೋಡುವ ಪರೀಕ್ಷೆ ಬೇರೆ ಇದೆ. ಕೆಲಸಕ್ಕೆ ತೆಗೆದುಕೊಳ್ಳುವವರು ಯಾವ ಸರ್ಟಿಫಿಕೇಟ್ ಯಾವುದಕ್ಕೆ ಎಂದು ಓದಿ ನೋಡುವುದು ಒಳ್ಳೆಯದು, ಅಲ್ವಾ?

ತಂಡ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸಬರನ್ನು ಮೊದಲ ವರ್ಷ ಕೆಳಗೇ ಇರಿಸಿ. ಹಗ್ಗ ಬಿಡಲಿ, ಕೊಂಬೆ ಎಳೆಯಲಿ, ಚಿಕ್ಕ ಮರಗಳ ಮೇಲೆ ಮೂರು ಕೊಯ್ತದ ಕ್ರಮ ರೂಢಿಸಿಕೊಳ್ಳಲಿ. ಮೊದಲು ಕಾಂಡದಿಂದ ದೂರ ಕೆಳಗಿನಿಂದ ಕಚ್ಚು, ಅದರಾಚೆ ಮೇಲಿನಿಂದ ಕೊಯ್ತ, ಕೊನೆಗೆ ಕಾಲರ್ ಉಳಿಸಿ ಮೋಟು ತೆಗೆಯುವುದು. ಮಾಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ. ವರ್ಷಕ್ಕೆ ಎರಡು ದಿನವಾದರೂ ಐದು, ಹತ್ತು ವರ್ಷದ ಹಿಂದೆ ನೀವೇ ಸವರಿದ ಮರಗಳ ಹತ್ತಿರ ಅವರನ್ನು ಕರೆದುಕೊಂಡು ಹೋಗಿ. ಮುಚ್ಚಿದ ಗಾಯ ಯಾವುದು, ಮುಚ್ಚದೆ ಲಡ್ಡು ಹಿಡಿದದ್ದು ಯಾವುದು ಎಂದು ಮುಟ್ಟಿ ನೋಡಲಿ. ನಾನು ಈಗ ಹಾಗೇ ಮಾಡುತ್ತಿದ್ದೇನೆ. ಮೊದಲು ತೋರಿಸುವುದು ನಾನು ಕೆಡಿಸಿದ ಆ ಮರವನ್ನೇ.

ಇಂತಿ,
ಮರದ ಕೆಲಸದಲ್ಲಿರುವ ಒಬ್ಬ ಓದುಗ