ಸರ್ವೀಸ್ ಪುಸ್ತಕದ ಖಾಲಿ ಪುಟ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ದಿವಾಳಿ ಹರಾಜಿನಲ್ಲಿ ಕಾರು ಕೊಳ್ಳಬೇಕು ಅಂತ ನಿನಗೆ ಆಸೆ, ಬೇಡವೇ ಬೇಡ ಅಂತ ನಿಮ್ಮಪ್ಪನ ಹಟ. ನಡುವೆ ನಾನು ಪಂಚಾಯ್ತಿಗೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮುಳುಗಿದ ಕಂಪನಿಗಳ ಸಾಮಾನು ಪಟ್ಟಿ ಮಾಡಿ ಹರಾಜಿಗೆ ಕಳಿಸುವ ಕಚೇರಿಯಲ್ಲಿ ನಾನು ಹನ್ನೊಂದು ವರ್ಷ ಲೆಕ್ಕ ಬರೆದವಳು ಅಲ್ವಾ. ಕುರ್ಚಿ, ಕಂಪ್ಯೂಟರ್, ಕಪಾಟು, ಕೊನೆಗೆ ಕಾರು. ಕಾರಿನ ಕೀಲಿಗೆ ಲಾಟ್ ನಂಬರ್ ಬರೆದ ಚೀಟಿ ದಾರದಲ್ಲಿ ಕಟ್ಟಿ ಲಕೋಟೆಗೆ ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು. ಹಾಗಾಗಿ ನಿಮ್ಮಪ್ಪನಂತೆ ಸುಮ್ನೆ ಹೆದರಿಸುವುದಿಲ್ಲ. ಇದರಲ್ಲಿ ಒಳ್ಳೆಯ ಗಾಡಿ ಸಿಗುತ್ತದೆ. ಯಾಕೆ ಸಿಗುತ್ತದೆ ಅನ್ನೋದು ಮೊದಲು ತಿಳಿದುಕೋ.

ಹಳೇ ಕಾರು ಮಾರುವವನ ಎದುರು ನಿಂತಾಗ ನಮ್ಮ ತಲೆಯಲ್ಲಿ ಒಂದೇ ಪ್ರಶ್ನೆ: ಅಷ್ಟು ಚೆನ್ನಾಗಿದ್ದರೆ ಇವನು ಯಾಕೆ ಮಾರುತ್ತಿದ್ದಾನೆ? ಗಾಡಿಯ ಹುಳುಕು ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದೇ ಹಳೇ ಕಾರಿನ ಸಂತೆಯನ್ನು ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. ಕೊಳ್ಳುವವನಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದಿದ್ದರೆ ಎಲ್ಲದಕ್ಕೂ ಸಾಧಾರಣ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರದೆ ಮನೆಗೆ ಹೋಗುತ್ತಾರೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಡಬ್ಬಾಗಳೇ ಅಂತ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ದಿವಾಳಿ ಹರಾಜಿನಲ್ಲಿ ಆ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿರುತ್ತದೆ. ಕಾರು ಕೆಟ್ಟಿತು ಅಂತ ಮಾರುತ್ತಿಲ್ಲ, ಮಾಲೀಕ ಕೆಟ್ಟ ಅಂತ ಮಾರುತ್ತಿದ್ದಾರೆ. ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ನೀನು ಹುಡುಕಿದರೆ ಪ್ರಯೋಜನ ಇರುವುದು ಇದಕ್ಕೇ.

ಆದರೆ ಪುಟ್ಟಾ, ದುಡ್ಡಿಲ್ಲದ ಮನುಷ್ಯ ಕಾರಿನ ಸರ್ವೀಸಿಗೆ ಖರ್ಚು ಮಾಡಿರುತ್ತಾನಾ?

ಒಂದು ಕಾರಿನ ಸರ್ವೀಸ್ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂದು ರಟ್ಟು, ಮೂಲೆ ಮಡಿಚಿತ್ತು. 10,000, 20,000, 30,000 ಕಿಲೋಮೀಟರ್, ಪ್ರತಿ ಪುಟದಲ್ಲೂ ವರ್ಕ್‌ಶಾಪಿನ ನೀಲಿ ಮುದ್ರೆ, ಕೆಳಗೆ ಸಹಿ. 70,000ದವರೆಗೂ ಗಡಿಯಾರದ ಹಾಗೆ. ಎಂಟನೇ ಪುಟ ಖಾಲಿ. ಒಂಬತ್ತೂ ಖಾಲಿ. ಮೀಟರ್ ನೋಡಿದರೆ 96,000 ದಾಟಿತ್ತು. ಆ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲಾ ಸರಿಯಿದೆ ಅಂತ ತೋರಿಸಿದ್ದ ವರ್ಷವೇ ಕಾರಿನ ಪುಸ್ತಕದಲ್ಲಿ ಮುದ್ರೆ ನಿಂತುಹೋಗಿತ್ತು. ಲೆಕ್ಕ ಸುಳ್ಳು ಹೇಳಬಹುದು, ಎಂಜಿನ್ ಆಯಿಲ್‌ಗೆ ಅದು ಬರುವುದಿಲ್ಲ.

ಆವತ್ತಿಂದ ಯಾವ ಗಾಡಿ ನೋಡಿದರೂ ನಾನು ಮೊದಲು ಕೇಳುವುದು ಕೊನೆಯ ಮುದ್ರೆ ಯಾವಾಗ ಅಂತ. ಅಲ್ಲಿಂದ ಇಲ್ಲಿಯವರೆಗೆ ಮಾಡಿಸದೆ ಬಿಟ್ಟದ್ದೆಲ್ಲ ನೀನು ಮಾಡಿಸಬೇಕು. ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್, ಕೂಲೆಂಟ್, ಟೈರು. ಅದರ ಖರ್ಚು ಕಾರಿನ ಬೆಲೆಯಲ್ಲೇ ಸೇರಿದೆ ಅಂತ ತಿಳಿ, ಹರಾಜಿನ ದಿನ ಕಾಣುವುದಿಲ್ಲ ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಬಿದ್ದೆ. ಕೆಲಸದಲ್ಲಿ ಇರುವಾಗ ನಮ್ಮ ಹರಾಜಿನಲ್ಲಿ ನಾವು ಕೂಗುವ ಹಾಗಿರಲಿಲ್ಲ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಒಂದು ಕಾರು ಕೊಂಡೆವು. ನಿಮ್ಮ ಮಾವನಿಗೆ ಅದರ ಬಣ್ಣ ಹಿಡಿಸಿತ್ತು. ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗೆ ವಾಲ್ವ್, ಪಿಸ್ಟನ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವ ರಬ್ಬರ್ ಪಟ್ಟಿ, ಬದಲಿಸುವ ಹೊತ್ತು ದಾಟಿದೆ ಅಂತ ಪುಸ್ತಕ ನೋಡಿದ ನನಗೆ ಗೊತ್ತಿತ್ತು. ಮುಂದಿನ ತಿಂಗಳು ಮಾಡಿಸೋಣ ಅಂದೆ. ಆ ಮುಂದಿನ ತಿಂಗಳು ಬರುವ ಮೊದಲೇ ದಾರಿ ಮಧ್ಯೆ ಎಂಜಿನ್ ಟಕ್ ಅಂತ ನಿಂತಿತು. ಸದ್ದೂ ಇಲ್ಲ, ಹೊಗೆಯೂ ಇಲ್ಲ. ಬೆಲ್ಟ್ ಹರಿದು ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಗ್ಗಿದ್ದವು. ಹರಾಜಿನಲ್ಲಿ ಉಳಿಸಿದ್ದೆಲ್ಲ ಮೆಕ್ಯಾನಿಕ್ ಪಾಲಾಯಿತು. ರಬ್ಬರ್ ಬೆಲ್ಟ್‌ಗೆ ಕಿಲೋಮೀಟರ್ ಒಂದೇ ಅಲ್ಲ, ವರ್ಷವೂ ಲೆಕ್ಕ. ಕಡಿಮೆ ಓಡಿದ ಗಾಡಿ ಅಂತ ಸಮಾಧಾನ ಪಡಬೇಡ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಚೈನ್ ಇರುತ್ತದೆ. ನೀನು ನೋಡುವ ಗಾಡಿಯಲ್ಲಿ ಯಾವುದಿದೆ ಅಂತ ಮೊದಲೇ ತಿಳಿದುಕೊಂಡು ಹೋಗು.

ಮಾರುವವರ ವಿಷಯ. ಅಲ್ಲಿ ಮಾರುವುದು ಹಳೇ ಮಾಲೀಕ ಅಲ್ಲ. ಅವನ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚಲು ನೇಮಕವಾದ ಟ್ರಸ್ಟಿ ಅಥವಾ ಲಿಕ್ವಿಡೇಟರ್. ಅವರು ಆ ಕಾರನ್ನು ಒಂದು ದಿನವೂ ಓಡಿಸಿರುವುದಿಲ್ಲ. ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ, ನಿಜವಾಗಲೂ ಗೊತ್ತಿರುವುದಿಲ್ಲ. ಅದಕ್ಕೇ ನಿಯಮಗಳ ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ, ಇದ್ದ ಜಾಗದಿಂದಲೇ ಅಂತ ಬರೆದಿರುತ್ತಾರೆ. ವಾರಂಟಿ ಇಲ್ಲ. ಗೇಟು ದಾಟುವ ಮೊದಲೇ ಗೇರ್‌ಬಾಕ್ಸ್ ಕಳಚಿ ಬಿದ್ದರೂ ಅದು ನಿನ್ನದೇ.

ಆ ಕಾಗದವನ್ನು ಪೂರ್ತಿ ಓದು. ಸಣ್ಣ ಅಕ್ಷರ ಅಂತ ಬಿಡಬೇಡ. ಕಾರಿನ ಮೇಲೆ ಬ್ಯಾಂಕಿನ ಸಾಲ ಇದೆಯಾ, ಇದ್ದರೆ ಈ ಮಾರಾಟದಿಂದ ಅದು ಕಳಚುತ್ತದೆಯಾ? ಬಾಕಿ ತೆರಿಗೆ, ದಂಡ ಯಾರ ತಲೆಗೆ? ಲೀಸ್‌ನಲ್ಲಿ ತಂದ ಕಾರಾಗಿದ್ದರೆ ಅದು ಮುಳುಗಿದವನ ಆಸ್ತಿಯೇ ಅಲ್ಲ, ಲೀಸ್ ಕೊಟ್ಟ ಕಂಪನಿಯದ್ದು. ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ತಗೋ. ಇನ್ನೊಂದು, ಕೆಲವು ಕಡೆ ನೀನು ಗೆದ್ದರೂ ಕೋರ್ಟೋ ಸಾಲ ಕೊಟ್ಟವರೋ ಒಪ್ಪುವವರೆಗೆ ಮಾರಾಟ ಪಕ್ಕಾ ಆಗುವುದಿಲ್ಲ. ಅಷ್ಟು ದಿನ ನಿನ್ನ ಠೇವಣಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಪಕ್ಕಾ ಆದ ಮೇಲೆ ಮಾತ್ರ ಅವಸರವೋ ಅವಸರ. ಕೆಲವೇ ದಿನದಲ್ಲಿ ಪೂರ್ತಿ ದುಡ್ಡು ಕಟ್ಟಬೇಕು, ಇಲ್ಲದಿದ್ದರೆ ಠೇವಣಿ ಹೋಯಿತು. ಸಾಲ ಮಾಡಿ ಕೊಳ್ಳುವುದಾದರೆ ಮೊದಲೇ ಮಂಜೂರು ಮಾಡಿಸಿಕೊಂಡಿರು.

ನಿನ್ನ ಮೆಸೇಜಿನಲ್ಲಿ ಒಂದು ಮಾತು ನನಗೆ ಸರಿ ಕಾಣಲಿಲ್ಲ. ಫೋಟೋ ಚೆನ್ನಾಗಿದೆ, ಅರ್ಧ ಬೆಲೆ, ಮುಂಗಡ ಕಳಿಸಿದರೆ ಮನೆಗೇ ತಂದುಕೊಡುತ್ತಾರಂತೆ ಅಂದಿದ್ದೀಯ. ಒಂದು ಪೈಸೆಯೂ ಕಳಿಸಬೇಡ. ದಿವಾಳಿ ಮಾರಾಟದ ಹೆಸರಲ್ಲಿ ಸುಳ್ಳು ವೆಬ್‌ಸೈಟ್ ಮಾಡಿ, ಇಲ್ಲದ ಕಾರಿಗೆ ಮುಂಗಡ ಹಾಕಿಸಿಕೊಂಡು ಮಾಯವಾಗುವುದು ಹಳೇ ಮೋಸ. ನಿಜವಾಗಿ ಮುಳುಗಿದ ಕಂಪನಿಯ ಹೆಸರನ್ನೇ ಹಾಕಿರುತ್ತಾರೆ, ಅದಕ್ಕೇ ಜನ ನಂಬುವುದು. ಲಿಕ್ವಿಡೇಟರ್ ಯಾರು ಅಂತ ಸರ್ಕಾರಿ ದಾಖಲೆಯಲ್ಲಿ ನೀನೇ ಹುಡುಕು. ಆ ವೆಬ್‌ಸೈಟಿನವರು ಕೊಟ್ಟ ನಂಬರಿಗೆ ಬೇಡ, ನೀನು ಹುಡುಕಿದ ನಂಬರಿಗೆ ಫೋನ್ ಮಾಡು. ಕಾರನ್ನು ಕೈಯಲ್ಲಿ ಮುಟ್ಟಿ ನೋಡುವವರೆಗೆ ಅದು ಬರೀ ಚಿತ್ರ.

ನೋಡುವ ದಿನ ಹೆಚ್ಚಿನ ಕಡೆ ಓಡಿಸಲು ಬಿಡುವುದಿಲ್ಲ. ಸ್ಟಾರ್ಟ್ ಮಾಡಿ ತೋರಿಸಿದರೆ ಅದೇ ಪುಣ್ಯ. ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡು. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿರುವ ಎಂಜಿನ್ ಎಬ್ಬಿಸಿದಾಗಲೇ ಅದರ ಕೆಮ್ಮು ಕೇಳಿಸುವುದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತೊಂದರೆ. ಹತ್ತಲೇ ಇಲ್ಲದಿದ್ದರೆ ಇನ್ನೂ ಅನುಮಾನ ಪಡು, ದೀಪವನ್ನೇ ಕಿತ್ತಿರಬಹುದು.

ಚಾಸಿ ನಂಬರ್ 17 ಅಕ್ಷರ, ಅಂಕಿಗಳದ್ದು. ಸೊನ್ನೆ, ಒಂದು ಅಂತ ಗೊಂದಲ ಆಗಬಾರದು ಅಂತ ಇಂಗ್ಲಿಷಿನ ಐ, ಓ, ಕ್ಯೂ ಅದರಲ್ಲಿ ಬಳಸುವುದಿಲ್ಲ. ಕಾರಿನ ಮೇಲಿರುವುದೂ ಕಾಗದದಲ್ಲಿರುವುದೂ ಒಂದೊಂದೇ ಅಕ್ಷರ ತಾಳೆ ನೋಡು. ಟೈರಿನ ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕು ಅಂಕಿ ನೋಡು. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಆದ ಟೈರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಸೀಟು ತೊಳೆದಿರುತ್ತಾರೆ, ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೂ ಟಾರ್ಚ್ ಬಿಡು.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡುತ್ತೇನೆ ಅಂದಿದ್ದೀಯ, ನೋಡು. ಆದರೆ ತಪ್ಪೇನೂ ಕಾಣಲಿಲ್ಲ ಅಂತ ಕುಣಿಯಬೇಡ. ಇಂಥ ಗಾಡಿಗಳು ತಿಂಗಳುಗಟ್ಟಲೆ ನಿಂತಿರುತ್ತವೆ, ಬ್ಯಾಟರಿ ಸತ್ತಿರುತ್ತದೆ. ಬ್ಯಾಟರಿ ಕಿತ್ತರೆ ಎಷ್ಟೋ ಗಾಡಿಗಳಲ್ಲಿ ಹಳೇ ತಪ್ಪಿನ ಕೋಡ್‌ಗಳೂ ಅಳಿಸಿಹೋಗುತ್ತವೆ. ಗಾಡಿ ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಸ್ಕ್ಯಾನರ್ ತೋರಿಸಿದರೆ ಆ ಹಲಗೆ ಈಗಷ್ಟೇ ಒರೆಸಿದ್ದು ಅಂತ ಅರ್ಥ. ನಿಂತ ಗಾಡಿಗೆ ಅದರದ್ದೇ ರೋಗಗಳೂ ಇವೆ. ಬ್ರೇಕ್ ಡಿಸ್ಕ್ ತುಕ್ಕು, ಒಂದೇ ಕಡೆ ಚಪ್ಪಟೆಯಾದ ಟೈರು, ಇಲಿ ಕಡಿದ ವೈರು. ಎರಡನೇ ಕೀಲಿ ಇದೆಯಾ ಅಂತಲೂ ಕೇಳು. ನಾನು ಕಟ್ಟಿದ ಲಕೋಟೆಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕೀಲಿ ಇರುತ್ತಿತ್ತು. ಈಗಿನ ಗಾಡಿಗೆ ಹೊಸ ಕೀಲಿ ಮಾಡಿಸಿ ಜೋಡಿಸುವುದು ಸಣ್ಣ ಖರ್ಚಲ್ಲ.

ಇನ್ನು ಲೆಕ್ಕ. ಇದು ನನ್ನ ಇಷ್ಟದ ಭಾಗ, ಸಹಿಸಿಕೋ. ಸರಿಯಾಗಿ ಓಡುವ ಅದೇ ಮಾದರಿಯ ಕಾರು ಹೊರಗೆ 100ಕ್ಕೆ ಸಿಗುತ್ತದೆ ಅಂತಿಟ್ಟುಕೋ. ಬಿಟ್ಟುಹೋದ ಸರ್ವೀಸಿಗೆ 20 ತೆಗೆ. ಸಾಗಾಟ, ಕಾಗದಪತ್ರಕ್ಕೆ 5. ಕಣ್ಣಿಗೆ ಕಾಣದ ರೋಗಕ್ಕೆ 10. ಉಳಿದದ್ದು 65. ಹಾಗಂತ 65ರವರೆಗೆ ಕೂಗಬೇಡ. ಹರಾಜಿನವರು ಕೂಗಿದ ಬೆಲೆಯ ಮೇಲೆ ಬಯರ್ಸ್ ಪ್ರೀಮಿಯಂ ಅಂತ ಹಾಕುತ್ತಾರೆ. ಅದು ನೂರಕ್ಕೆ 10 ಆದರೆ 65ನ್ನು 1.1ರಿಂದ ಭಾಗಿಸು, 59 ಬರುತ್ತದೆ. ಮೇಲೆ ತೆರಿಗೆಯೂ ಇದ್ದರೆ ಇನ್ನೂ ಇಳಿಯುತ್ತದೆ. ಕೂಗಲು ಬಂದ ಎಷ್ಟು ಜನ ಈ ಭಾಗಾಕಾರ ಮಾಡದೆ, ಬಿಲ್ಲು ನೋಡಿ ಕೌಂಟರಿನಲ್ಲಿ ಜಗಳಕ್ಕೆ ನಿಂತದ್ದನ್ನು ನೋಡಿದ್ದೇನೋ!

ಆ 59ನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೋ. ಪಕ್ಕದವನು 60 ಅಂದಾಗ ನಿನಗೂ 61 ಅನ್ನಬೇಕು ಅನ್ನಿಸುತ್ತದೆ. ಹತ್ತು ಜನ ನೋಡಿದ ಗಾಡಿಗೆ ಎಲ್ಲರಿಗಿಂತ ಜಾಸ್ತಿ ಕೂಗುವವನು ಅಂದರೆ ಎಲ್ಲರಿಗಿಂತ ಜಾಸ್ತಿ ಅಂದಾಜು ತಪ್ಪಿದವನೂ ಇರಬಹುದು. ಆನ್‌ಲೈನ್ ಹರಾಜಾದರೆ ಕೊನೇ ಕ್ಷಣದಲ್ಲಿ ಒತ್ತಿ ಗೆಲ್ಲುತ್ತೇನೆ ಅಂತ ಜಾಣತನ ಮಾಡಬೇಡ. ಕೊನೇ ನಿಮಿಷದಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದೆ ಹೋಗುವಂತೆ ಎಷ್ಟೋ ಕಡೆ ಮಾಡಿರುತ್ತಾರೆ.

ನೀನು ಕೇಳದ ವಿಷಯ ಒಂದಿದೆ. ಮಾಲೀಕ ಮುಳುಗುವುದು ಬೇರೆ, ಕಾರು ತಯಾರಿಸಿದ ಕಂಪನಿಯೇ ಮುಳುಗುವುದು ಬೇರೆ. 2024ರ ಜೂನ್‌ನಲ್ಲಿ ಫಿಸ್ಕರ್ ಎಂಬ ಎಲೆಕ್ಟ್ರಿಕ್ ಕಾರು ಕಂಪನಿ ದಿವಾಳಿ ಅರ್ಜಿ ಹಾಕಿತು. ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಹೊಸ ಕಾರುಗಳನ್ನು ಒಂದು ಲೀಸ್ ಕಂಪನಿ ಒಟ್ಟಿಗೆ ಕೊಳ್ಳಲು ಮುಂದೆ ಬಂತು. ಆಮೇಲೆ ನೋಡಿದರೆ ಕಾರುಗಳ ಮಾಹಿತಿಯನ್ನು ಫಿಸ್ಕರ್‌ನ ಸರ್ವರ್‌ನಿಂದ ಬೇರೆ ಕಡೆ ಸಾಗಿಸುವುದೇ ತಲೆನೋವಾಯಿತು. ಅಂಥ ಕಾರು ಎಷ್ಟು ಅಗ್ಗವಾದರೂ ನಿನ್ನಂಥ ಒಂಟಿ ಗಿರಾಕಿಗೆ ಬೇಡ. ಬಿಡಿಭಾಗ ಯಾರು ಕೊಡುತ್ತಾರೆ, ಸಾಫ್ಟ್‌ವೇರ್ ಯಾರು ಸರಿಮಾಡುತ್ತಾರೆ?

ಇನ್ನೊಬ್ಬರ ಕಷ್ಟದ ಮೇಲೆ ನಮ್ಮ ಸುಖವಾ ಅಂತ ನಿಮ್ಮಮ್ಮ ಕೇಳಿದಳಂತೆ. ಒಳ್ಳೆಯ ಪ್ರಶ್ನೆ. ನಾನೂ ಮೊದಮೊದಲು ಕಾರುಗಳ ಗ್ಲವ್ ಬಾಕ್ಸ್ ತೆಗೆದಾಗ ಕೈ ಹಿಂದೆ ಬರುತ್ತಿತ್ತು. ಒಮ್ಮೆ ಒಂದು ಮಗುವಿನ ಕ್ರೇಯಾನ್, ಅರ್ಧ ಬಿಡಿಸಿದ ಮನೆಯ ಚಿತ್ರ ಸಿಕ್ಕಿತ್ತು. ಆದರೆ ಲೆಕ್ಕ ಬರೆದವಳಾಗಿ ಹೇಳುತ್ತೇನೆ, ಹರಾಜಿನಲ್ಲಿ ಬಂದ ದುಡ್ಡು ಸಾಲ ಕೊಟ್ಟವರಿಗೆ ಹೋಗುತ್ತದೆ; ಕಂಪನಿಯಾದರೆ ಸಂಬಳ ಸಿಗದೆ ಉಳಿದ ಕೆಲಸಗಾರರೂ ಆ ಸಾಲಿನಲ್ಲಿ ಇರುತ್ತಾರೆ. ಯಾರೂ ಕೊಳ್ಳದಿದ್ದರೆ ಅವರಿಗೂ ಇಲ್ಲ. ನಿಮ್ಮಮ್ಮನಿಗೆ ಹಾಗೇ ಹೇಳು. ಆ ಚಿತ್ರವನ್ನು ನಾನು ಹಳೇ ಮಾಲೀಕನ ಕಾಗದಗಳ ಜೊತೆ ವಾಪಸ್ ಕಳಿಸಿದೆ.

ಗೆದ್ದರೆ, ಯಾವ ಗಳಿಗೆಯಿಂದ ಕಾರಿನ ಹೊಣೆ ನಿನ್ನದು ಅಂತ ನಿಯಮದಲ್ಲಿ ನೋಡಿ, ಅವತ್ತೇ ಇನ್ಶೂರೆನ್ಸ್ ಶುರು ಮಾಡಿಸು. ಓಡಿಸಿಕೊಂಡು ಬರಬೇಡ, ಟ್ರೈಲರ್‌ನಲ್ಲಿ ತರಿಸು. ಗಡುವಿನ ಒಳಗೆ ಎತ್ತದಿದ್ದರೆ ದಿನದ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಾರೆ. ಕಾರಿನ ಪರದೆಯಲ್ಲಿ ಹಳೇ ಮಾಲೀಕನ ಫೋನ್ ನಂಬರುಗಳು, ಮನೆ ವಿಳಾಸ ಉಳಿದಿರುತ್ತವೆ, ಓದದೆ ಅಳಿಸು. ಮೊಬೈಲ್ ಆ್ಯಪ್‌ನಿಂದ ಬಾಗಿಲು ತೆಗೆಯುವ ಗಾಡಿಯಾದರೆ ಅವನ ಖಾತೆ ಕಳಚಿಸು, ಇಲ್ಲದಿದ್ದರೆ ನಿನ್ನ ಕಾರು ಅವನ ಫೋನಿನಲ್ಲೂ ತೆರೆದೀತು.

ನೋಡುವ ದಿನ ಯಾವಾಗ ಅಂತ ತಿಳಿಸು. ನಾನೂ ಬರುತ್ತೇನೆ, ಟಾರ್ಚ್ ನನ್ನ ಹತ್ತಿರ ಇದೆ. ನಿಮ್ಮ ಮಾವನಿಗೆ ಹೇಳಬೇಡ, ಬಂದರೆ ಬಣ್ಣ ನೋಡುತ್ತಾ ನಿಲ್ಲುತ್ತಾರೆ.

ನಿನ್ನ
ಅತ್ತೆ