ಯೂದನೂ ಆ ಸಾಲಿನಲ್ಲಿ ಕೂತಿದ್ದ

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ, ಯೇಸು ತಮ್ಮ ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ ಚರ್ಚುಗಳಲ್ಲಿ ಪಾದ ತೊಳೆಯುತ್ತಾರೆ. ಮರುದಿನ ನಿಮ್ಮ ಪತ್ರಿಕೆಯಲ್ಲಿ ಅದರ ಫೋಟೋ ತಪ್ಪದೆ ಬರುತ್ತದೆ. ಗುರುಗಳು ಮಂಡಿಯೂರಿರುತ್ತಾರೆ, ಮುಂದೆ ಹನ್ನೆರಡು ಜನ ಸಾಲಾಗಿ ಕೂತಿರುತ್ತಾರೆ. ಅಂಥ ಒಂದು ಚರ್ಚಿನಲ್ಲಿ ಹೂಜಿ, ಬೋಗುಣಿ, ಟವೆಲು ಜೋಡಿಸಿಡುವವಳು ನಾನು. ಪೂಜೆ ಮುಗಿದ ಮೇಲೆ ಒದ್ದೆ ನೆಲ ಒರೆಸುವುದೂ ನನ್ನ ಪಾಲಿಗೇ ಬರುತ್ತದೆ. ಅದೇನೂ ದೂರಲ್ಲ ಬಿಡಿ. ಬರೆಯಬೇಕು ಅನ್ನಿಸಿದ್ದು ಆ ಹನ್ನೆರಡು ಜನರ ಪಟ್ಟಿಯ ಬಗ್ಗೆ.

ಯಾರು ಕೂರಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಸಮಿತಿಯವರು, ಕೈಬಿಚ್ಚಿ ಕೊಡುವವರು, ಊರಿಗೆಲ್ಲ ಬೇಕಾದವರು. ಪಾಪ, ಅವರು ಮನೆಯಲ್ಲೇ ಸೋಪು ಹಾಕಿ ಕಾಲು ತೊಳೆದು, ಉಗುರು ಕತ್ತರಿಸಿಕೊಂಡು ಬರುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ಬೋಗುಣಿಯ ನೀರು ಚೆಲ್ಲುವಾಗ ನೋಡಿದರೆ, ತಂದಿಟ್ಟಾಗ ಎಷ್ಟು ತಿಳಿಯಾಗಿತ್ತೋ ಆಗಲೂ ಅಷ್ಟೇ ತಿಳಿ.

ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯ ಓದಿ ನೋಡಿ. ಯೇಸು ಊಟದಿಂದ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಪಾದ ತೊಳೆದರು. ಆ ಹೊತ್ತಿಗೆ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಯೂದ ಇನ್ನೂ ಅಲ್ಲೇ ಇದ್ದ. ಅವನು ಎದ್ದು ಹೊರಗೆ ಹೋದದ್ದು ಆಮೇಲೆ. ತಮ್ಮನ್ನು ವೈರಿಗಳಿಗೆ ಹಿಡಿದುಕೊಡುವವನು ಇವನೇ ಅಂತ ಯೇಸುವಿಗೆ ಗೊತ್ತಿತ್ತು. ಆದರೂ ಅವನೊಬ್ಬನ ಪಾದ ಬಿಟ್ಟರು ಅಂತ ಎಲ್ಲೂ ಬರೆದಿಲ್ಲ. ಮಿಕ್ಕವರೇನು ಕಡಿಮೆಯವರಾ? ನಮ್ಮಲ್ಲಿ ದೊಡ್ಡವರು ಯಾರು ಅಂತ ಅದೇ ಊಟದಲ್ಲಿ ಜಗಳ ಆಡಿದರು ಎನ್ನುತ್ತಾರೆ ಲೂಕ. ಬಂಧನವಾದಾಗ ಎಲ್ಲರೂ ಓಡಿಹೋದರು ಎನ್ನುತ್ತಾರೆ ಮಾರ್ಕ. ಇವರ ಬಗ್ಗೆ ಗೊತ್ತಿದ್ದರೆ ನಮ್ಮ ಸಮಿತಿ ಒಬ್ಬರನ್ನೂ ಪಟ್ಟಿಗೆ ಸೇರಿಸುತ್ತಿರಲಿಲ್ಲ!

ಯೇಸುವನ್ನು ಹಿಡಿದುಕೊಡುವುದಕ್ಕೆ ಯೂದನಿಗೆ ಸಿಕ್ಕಿದ್ದು 30 ಬೆಳ್ಳಿ ನಾಣ್ಯ. ಒಬ್ಬರ ಎತ್ತು ಇನ್ನೊಬ್ಬರ ಗುಲಾಮನನ್ನು ಹಾಯ್ದು ಕೊಂದರೆ ಕೊಡಬೇಕಾದ ಪರಿಹಾರವೂ 30 ಬೆಳ್ಳಿಯೇ, ಬೈಬಲಿನ ವಿಮೋಚನಕಾಂಡದಲ್ಲಿ ಹಾಗಿದೆ. ಕಾಲು ತೊಳೆಯುವುದೂ ಆ ಕಾಲದಲ್ಲಿ ಗುಲಾಮರ ಕೆಲಸ. ಆ ಕೆಲಸ ಮಾಡಿದ ಯೇಸು ಅದೇ ಬೆಲೆಗೆ ಮಾರಾಟವಾದರು.

ಮುಂದಿನ ಕಥೆಯನ್ನು ನಾವು ಬೇಗ ಬೇಗ ಓದಿ ಮುಗಿಸುತ್ತೇವೆ. ಮತ್ತಾಯ 27ರಲ್ಲಿ ಯೂದ ಹಣ ವಾಪಸ್ ತರುತ್ತಾನೆ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಯಾರ ಹತ್ತಿರ? ಹಣ ಕೊಟ್ಟಿದ್ದ ದೇವಾಲಯದ ಯಾಜಕರ ಹತ್ತಿರವೇ. ಅವರ ಉತ್ತರ ಇಷ್ಟೇ: ಅದರಿಂದ ನಮಗೇನು, ನೀನೇ ನೋಡಿಕೋ. ಅವನು ನಾಣ್ಯ ಎಸೆದು ಹೋಗಿ ನೇಣು ಹಾಕಿಕೊಳ್ಳುತ್ತಾನೆ. ಇವರು ಮಾತ್ರ ಆ ನಾಣ್ಯ ಆರಿಸಿಕೊಂಡು, ರಕ್ತದ ಹಣ ಕಾಣಿಕೆ ಪೆಟ್ಟಿಗೆಗೆ ಹಾಕುವುದು ನಿಯಮಕ್ಕೆ ವಿರುದ್ಧ ಅಂತ ಚರ್ಚೆ ಮಾಡುತ್ತಾರೆ. ಕೊನೆಗೆ ಕುಂಬಾರನ ಹೊಲ ಕೊಳ್ಳುತ್ತಾರೆ. ಲೆಕ್ಕ ಪಕ್ಕಾ. ಮನುಷ್ಯ ಸತ್ತ.

ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸುವನ್ನು ಗೊತ್ತೇ ಇಲ್ಲ ಅಂದವನು, ಅದೂ ಮೂರು ಸಲ. ಆದರೆ ಅವನ ಅಳು ಮುಗಿದ ಮೇಲೆ, ಸಾವಿನಿಂದ ಎದ್ದ ಯೇಸುವೇ ಅವನನ್ನು ಹುಡುಕಿಕೊಂಡು ಬಂದು ಮಾತಾಡಿಸಿದರು. ಯೇಸು ಶಿಲುಬೆಗೇರಿದ ಆ ಶುಕ್ರವಾರ ಯೂದನಿಗೆ ಎದುರಾದವರು ಆ ಯಾಜಕರು. ಇಬ್ಬರ ನಡುವಿನ ವ್ಯತ್ಯಾಸ ಬರೀ ಅವರವರ ಮನಸ್ಸಿನದು ಅಂತ ಚರ್ಚಿನ ಪ್ರವಚನದಲ್ಲಿ ಹೇಳುವುದನ್ನು ಕೇಳಿದ್ದೇನೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಯಾಕೆ ಅಂದರೆ, ನಾನು ಹೋಗುವ ಚರ್ಚಿನಲ್ಲೂ ಒಬ್ಬರಿದ್ದಾರೆ. ಹಣದ ವಿಷಯದಲ್ಲಿ ತಪ್ಪು ಮಾಡಿದರು. ನಂಬಿದವರಿಗೆ ನೋವಾಯಿತು, ಅದು ನಿಜ. ಆಮೇಲೆ ತಾವೇ ಬಂದು ಒಪ್ಪಿಕೊಂಡು, ಪೂರ್ತಿ ಹಣ ಕಟ್ಟಿದರು. ಹಣ ತೆಗೆದುಕೊಂಡೆವು, ರಸೀದಿ ಕೊಟ್ಟೆವು. ಇವತ್ತಿಗೂ ಅವರು ಕೊನೇ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ, ಕೊನೆಯ ಹಾಡಿಗೆ ಮೊದಲೇ ಎದ್ದು ಹೋಗುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಅದು ಬಿಟ್ಟೆ, ಇದು ಬಿಟ್ಟೆ ಅಂತ ಹೇಳಿಕೊಳ್ಳುವ ನಾವು ಈ ಮುನಿಸನ್ನು ಮಾತ್ರ ಬಿಟ್ಟಿಲ್ಲ.

ನಿಯಮ ಅಡ್ಡ ಬರುತ್ತದೆ ಅನ್ನುವ ಹಾಗೂ ಇಲ್ಲ. ಮೊದಲು ಕಥೋಲಿಕ ಪೂಜಾವಿಧಿಯಲ್ಲಿ ಪಾದ ತೊಳೆಸಿಕೊಳ್ಳಲು ಗಂಡಸರಿಗೆ ಮಾತ್ರ ಅವಕಾಶವಿತ್ತು. ನೀರು ತರಲು ನನ್ನ ಕೈ ಆಗುತ್ತಿತ್ತು, ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಎಷ್ಟೋ ಜನ ಗೊಣಗಿದರು. 2016ರ ಜನವರಿಯಲ್ಲಿ ನಿಯಮವೇ ಬದಲಾಯಿತು. ಹೆಂಗಸರು, ಗಂಡಸರು, ಎಳೆಯರು, ಮುದುಕರು, ಕಾಯಿಲೆಯವರು, ಭಕ್ತರಲ್ಲಿ ಯಾರನ್ನು ಬೇಕಾದರೂ ಗುರುಗಳು ಕರೆಯಬಹುದು. ಹನ್ನೆರಡೇ ಇರಬೇಕು ಎಂದೂ ಅದರಲ್ಲಿ ಇಲ್ಲ.

ಪಾದ ತೊಳೆದರೆ ಮನುಷ್ಯ ಬದಲಾಗುತ್ತಾನೆ ಅಂತಲೂ ನಾನು ಹೇಳುತ್ತಿಲ್ಲ. ಯೂದ ಬದಲಾಗಲಿಲ್ಲ, ತೊಳೆದ ಕಾಲಲ್ಲೇ ಎದ್ದು ಹೋದ. ಅದು ಗೊತ್ತಿದ್ದೂ ಯೇಸು ತೊಳೆದರು.

ನಿಮ್ಮ ಓದುಗರಲ್ಲಿ ಗುರುಗಳೂ ಸಮಿತಿಯವರೂ ಇದ್ದಾರೆ. ಈ ವರ್ಷದ ಪಟ್ಟಿ ಮುಗಿಯುವ ಮೊದಲು ಕೊನೇ ಬೆಂಚಿನವರಲ್ಲಿ ಒಬ್ಬರನ್ನು ಕರೆಯಿರಿ. ಅವರು ಬೇಡ ಅನ್ನಬಹುದು. ಯೇಸು ಪಾದ ತೊಳೆಯಲು ಬಂದಾಗ ಪೇತ್ರನೂ ಮೊದಲು ಬೇಡ ಅಂದವನೇ. ಕೇಳಿಯಾದರೂ ನೋಡಬಹುದಲ್ವಾ?

ಇತಿ,
ನಿಮ್ಮ ಓದುಗಿ